ಬಿಗಿಯೋ ಒತ್ತಡವೋ: ಸುಲ್ತಾನ್ ಬಜಾರಿನ ಒಂದು ಗರಗಸ ಮತ್ತು ಅದರ ಚರಿತ್ರೆ

ಹೋದ ವರ್ಷ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದದ್ದು 64 ಪುಟದ ಒಂದು ಕೈಪಿಡಿ. ಬಡಗಿ ಕೆಲಸದ ಬ್ಯಾಂಡ್ ಸಾ ಯಂತ್ರವನ್ನು ಜೋಡಿಸುವುದು ಹೇಗೆ, ನಡೆಸುವುದು ಹೇಗೆ, ಕೆಟ್ಟರೆ ಎಲ್ಲಿ ನೋಡಬೇಕು ಎಂಬುದರ ಬಗ್ಗೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಪದಕ್ಕಿಷ್ಟು ಎಂಬ ಲೆಕ್ಕ, ಹತ್ತು ದಿನ ಗಡುವು. ಸಾಮಾನ್ಯವಾಗಿ ನಾನು ಮಾಡುವುದು ಬ್ಯಾಂಕಿನ ಅರ್ಜಿಗಳು, ಮೊಬೈಲ್ ಆಪ್‌ಗಳ ಸೂಚನೆಗಳು, ಒಮ್ಮೊಮ್ಮೆ ಔಷಧಿ ಡಬ್ಬಿಯ ಒಳಗೆ ಮಡಚಿಟ್ಟಿರುವ ಚೀಟಿ. ಯಾರೂ ಓದದ ಕನ್ನಡವನ್ನು ಬರೆದು ಹೊಟ್ಟೆ ಹೊರೆಯುವವಳು ನಾನು ಎಂದು ಗೆಳತಿಯರಿಗೆ ಹೇಳಿ ನಗುವುದುಂಟು. ಈ ಕೈಪಿಡಿಯನ್ನು ಯಾರಾದರೂ ಓದಬಹುದು, ಓದಿ ಅದರಂತೆ ಮಾಡಲೂಬಹುದು ಎಂಬುದು 11ನೆಯ ಪುಟಕ್ಕೆ ಬರುವತನಕ ನನ್ನ ತಲೆಗೆ ಹೊಳೆದಿರಲಿಲ್ಲ.

ಕೆಲಸ ಕೊಟ್ಟ ಏಜೆನ್ಸಿ ಜೊತೆಗೊಂದು ಪದಪಟ್ಟಿ ಕಳಿಸಿತ್ತು. ಅದರಲ್ಲಿರುವುದನ್ನು ಬದಲಿಸುವಂತಿಲ್ಲ. 'ಟೆನ್ಷನ್' ಎಂಬುದಕ್ಕೆ ಪಟ್ಟಿಯಲ್ಲಿದ್ದ ಕನ್ನಡ 'ಒತ್ತಡ'. ಅದರ ಪ್ರಕಾರ ಒಂದು ವಾಕ್ಯ ಹೀಗಾಯಿತು: 'ದಿನದ ಕೆಲಸ ಮುಗಿದ ಮೇಲೆ ಪಟ್ಟಿಯ ಮೇಲಿನ ಒತ್ತಡವನ್ನು ತೆಗೆಯಿರಿ.' ಓದಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಒತ್ತಡ ಎಂದರೆ ಒತ್ತುವುದು. ಇಲ್ಲಿ ಪಟ್ಟಿಯನ್ನು ಯಾರೂ ಒತ್ತುತ್ತಿಲ್ಲ, ಎಳೆಯುತ್ತಿದ್ದಾರೆ. ಪತ್ರಿಕೆಗಳು ಮನಸ್ಸಿನ ಟೆನ್ಷನ್ನಿಗೆ ಒತ್ತಡ ಎಂದು ಬರೆದೂ ಬರೆದೂ, ಕಬ್ಬಿಣದ ಟೆನ್ಷನ್ನೂ ಒತ್ತಡವಾಗಿಬಿಟ್ಟಿದೆ. ಮರ ಕೊಯ್ಯುವ ಹುಡುಗನೊಬ್ಬ ಇದನ್ನು ಓದಿ, ಪಟ್ಟಿಯ ಮೇಲೆ ಏನೋ ಒತ್ತುತ್ತಿರಬೇಕು ಎಂದುಕೊಂಡು ಬದಿಯ ಗೈಡುಗಳನ್ನು ಸಡಿಲಿಸಿ ಮನೆಗೆ ಹೋದರೆ? ಮರುದಿನ ಬೆಳಿಗ್ಗೆ ಅವೇ ಸಡಿಲ ಗೈಡುಗಳ ನಡುವೆ ಪಟ್ಟಿಯನ್ನು ಓಡಿಸಿದರೆ?

ಯಂತ್ರ ನೋಡಿಲ್ಲದವರಿಗಾಗಿ ಒಂದೆರಡು ಮಾತು. ಒಂದರ ಮೇಲೊಂದು ಎರಡು ಚಕ್ರ. ಅವುಗಳನ್ನು ಸುತ್ತಿಕೊಂಡು ತುದಿಯಿಲ್ಲದ ಒಂದು ಉಕ್ಕಿನ ಪಟ್ಟಿ, ಅದರ ಒಂದು ಅಂಚಿಗೆ ಹಲ್ಲು. ಕೆಳಗಿನ ಚಕ್ರವನ್ನು ಮೋಟರು ತಿರುಗಿಸುತ್ತದೆ, ಮೇಲಿನದು ಸುಮ್ಮನೆ ಜೊತೆಗೆ ತಿರುಗುತ್ತದೆ. ಮೇಲಿನ ಚಕ್ರವನ್ನು ಒಂದು ತಿರುಪಿನಿಂದ ಏರಿಸಿದರೆ ಪಟ್ಟಿ ಬಿಗಿಯಾಗುತ್ತದೆ, ಇಳಿಸಿದರೆ ಸಡಿಲ. ಅದೇ ಚಕ್ರವನ್ನು ಇನ್ನೊಂದು ತಿರುಪಿನಿಂದ ಹಿಂದಕ್ಕೋ ಮುಂದಕ್ಕೋ ಕೊಂಚ ವಾಲಿಸಿದರೆ ಪಟ್ಟಿ ಚಕ್ರದ ಮೇಲೆ ಆಚೀಚೆ ಸರಿದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಚಕ್ರಗಳಿಗೆ ರಬ್ಬರಿನ ಹೊದಿಕೆ, ಆ ಹೊದಿಕೆಗೆ ನಡುವೆ ಸ್ವಲ್ಪ ಉಬ್ಬು. ಓಡುವ ಪಟ್ಟಿ ಯಾವಾಗಲೂ ಉಬ್ಬಿನ ನೆತ್ತಿಯನ್ನೇ ಹತ್ತಲು ನೋಡುತ್ತದೆ, ಜಾರಿಹೋಗುವುದಿಲ್ಲ. ಮೇಜಿನ ಮೇಲೂ ಕೆಳಗೂ ಪಟ್ಟಿಯ ಎರಡು ಬದಿಗೆ ಗೈಡುಗಳು, ಬೆನ್ನಿಗೊಂದು ಬೇರಿಂಗು. ಮೇಜಿನ ಮೇಲೆ ಮರ ಇಟ್ಟು ತಳ್ಳಿದರೆ ಪಟ್ಟಿ ಅದನ್ನು ಕೆಳಮುಖವಾಗಿ ಕೊಯ್ಯುತ್ತದೆ. ಇಷ್ಟೇ.

ಇಷ್ಟೇ ಎಂದೆನಲ್ಲ, ಆ ಇಷ್ಟನ್ನು ಕನ್ನಡದಲ್ಲಿ ಹೇಳುವ ಮಾತು ನನ್ನ ಬಳಿ ಇರಲಿಲ್ಲ. ಭಾಷಾವಿಜ್ಞಾನದಲ್ಲಿ ಎಂಎ ಮಾಡಿದವಳಿಗೆ ಬೆಂಗಳೂರಿನಿಂದ ಬೀದರಿನವರೆಗೆ ಸ್ವರಗಳು ಹೇಗೆ ಬದಲಾಗುತ್ತವೆ ಎಂದು ಹೇಳಲು ಬರುತ್ತದೆ. ಗರಗಸದ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸುವುದಕ್ಕೆ ಬಡಗಿಗಳು ಏನೆನ್ನುತ್ತಾರೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಕೇಳಬೇಕಾದವರನ್ನು ಕೇಳೋಣ ಎಂದು ಒಂದು ಮಧ್ಯಾಹ್ನ ಸುಲ್ತಾನ್ ಬಜಾರಿಗೆ ಹೋದೆ.

ಹೈದರಾಬಾದಿನಲ್ಲಿ ಕನ್ನಡ ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ಹೋಗುವುದು ಕಾಚಿಗುಡಕ್ಕೆ. ನೃಪತುಂಗ ಶಾಲೆ ಇರುವುದು ಅಲ್ಲಿ, ಹಳೆಯ ಕನ್ನಡ ಮನೆತನಗಳಿರುವುದೂ ಆ ಕಡೆಗೆ. ಸುಲ್ತಾನ್ ಬಜಾರಿಗೆ ಜನ ಹೋಗುವುದು ಸೀರೆ, ಬಳೆ, ಲೇಸು, ಗುಂಡಿ ಕೊಳ್ಳುವುದಕ್ಕೆ. ಪಕ್ಕದ ಟ್ರೂಪ್ ಬಜಾರಿನಲ್ಲಿ ನಲ್ಲಿ, ವೈರು, ಬೀಗ, ಕೀಲು. ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪಠ್ಯಪುಸ್ತಕ. 1933ರವರೆಗೆ ಇದರ ಹೆಸರು ರೆಸಿಡೆನ್ಸಿ ಬಜಾರ್. 1803ರಿಂದ 1806ರ ನಡುವೆ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಸುತ್ತ ಬೆಳೆದ ಈ ಪೇಟೆಯಲ್ಲಿ ನಿಜಾಮರ ಆಡಳಿತ ನಡೆಯುತ್ತಿರಲಿಲ್ಲ, ರೆಸಿಡೆಂಟನದು ನಡೆಯುತ್ತಿತ್ತು. ಊರಿನ ನಡುವೆಯೇ ಇನ್ನೊಂದು ಸರಕಾರದ ಗಲ್ಲಿಗಳು. ಸಾಹುಕಾರರು, ಲೇವಾದೇವಿಯವರು ಇಲ್ಲಿ ಬಂದು ನೆಲೆಸಿದರು. ಮುಂದೆ, ಆ ಕಡೆ ಕೂಡಲಾಗದ ಸಭೆಗಳು ಈ ಕಡೆ ಕೂಡಿದವು. ಆರ್ಯ ಸಮಾಜ ಇಲ್ಲಿ ನೆಲೆಯೂರಿತು, ಮರಾಠಿಗರ ವಿವೇಕ ವರ್ಧಿನಿ ಶಾಲೆ ಬಂತು. 1901ರಲ್ಲಿ ತೆಲುಗರು ಇಲ್ಲಿ ಒಂದು ಗ್ರಂಥಾಲಯ ತೆರೆದರು, ಅದಕ್ಕೆ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂದು ಹೆಸರಿಟ್ಟರು. ನಮ್ಮ ಹಂಪಿಯ ದೊರೆ ತೆಲುಗು ಪುಸ್ತಕಗಳಿಗೆ ಕಾವಲು ನಿಂತಿದ್ದಾನೆ ಎಂದು ನಾನು ತೆಲುಗು ಗೆಳೆಯರನ್ನು ಕೆಣಕುವುದುಂಟು. ನಿಮ್ಮ ದೊರೆ ಕಾವ್ಯ ಬರೆದದ್ದು ಯಾವ ಭಾಷೆಯಲ್ಲಿ ಎಂದು ಅವರು ತಿರುಗಿ ಕೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. 1933ರಲ್ಲಿ ಬಜಾರನ್ನು ಬ್ರಿಟಿಷರು ನಿಜಾಮರಿಗೆ ಮರಳಿಸಿದಾಗ ಅದು ಸುಲ್ತಾನ್ ಬಜಾರ್ ಆಯಿತು.

ಅದರ ಒಂದು ಒಳಗಲ್ಲಿಯಲ್ಲಿ, ಲೇಸಿನಂಗಡಿಗಳ ಹಿಂಭಾಗದಲ್ಲಿ, ಕಾಕಾನ ಕಾರ್ಖಾನೆ ಇದೆ. ಕಾರ್ಖಾನೆ ಎನ್ನುವುದು ಅವರ ಮಾತು. ಮೂರು ಜನ ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲದ ತಗಡಿನ ಶೆಡ್ಡು. ಅದರಲ್ಲೊಂದು 24 ಇಂಚು ಚಕ್ರದ, ಬಣ್ಣ ಪೂರಾ ಹೋಗಿರುವ ಬ್ಯಾಂಡ್ ಸಾ. ಕಾಕಾ ಸೇಡಂ ಕಡೆಯವರು, ಎಪ್ಪತ್ತರ ಆಸುಪಾಸು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಬಂದ ರೈಲುದಾರಿ ಸೇಡಂ ಮೇಲೆಯೇ ಹಾದುಹೋಗುತ್ತದೆ, ಆ ಕಡೆಯ ಎಷ್ಟೋ ಮನೆಗಳಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಅವರ ತಂದೆಯೂ ಇಲ್ಲೇ ಬಡಗಿ ಕೆಲಸ ಮಾಡಿದವರು. ಮೊದಲು ನನ್ನೊಡನೆ ಉರ್ದುವಿನಲ್ಲಿ ಮಾತಾಡಿದರು, ನಾನು ರಾಯಚೂರಿನವಳು ಎಂದು ಗೊತ್ತಾದ ಮೇಲೆ ಕನ್ನಡಕ್ಕೆ ಹೊರಳಿದರು.

'ಒತ್ತಡ' ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೇಲಿನ ಚಕ್ರದ ತಿರುಪನ್ನು ತೋರಿಸಿದೆ.

'ಹಂಗಂತಾರೇನು? ಬಿಗಿ ಅನ್ನವ್ವಾ. ಬಿಗಿ ಮಾಡೋದು, ಢೀಲಾ ಬಿಡೋದು. ಒತ್ತಡ ಅಂದ್ರ ನಾನು ಮರ ಒತ್ತೋದು ಅಂತ ತಿಳ್ಕೊಂಡೆ.'

ಅವರ ಲೆಕ್ಕದಲ್ಲಿ ಅದೂ ಯಂತ್ರದ ಕಾಯಿಲೆಗಳಲ್ಲಿ ಒಂದು. ಹಲ್ಲು ಮೊಂಡಾದಾಗ ಮರವನ್ನು ಜೋರಾಗಿ ಒತ್ತಬೇಕಾಗುತ್ತದೆ. ಒತ್ತಿದಷ್ಟೂ ಪಟ್ಟಿ ಹಿಂದಕ್ಕೆ ಬಾಗಿ ಬೇರಿಂಗಿಗೆ ಉಜ್ಜುತ್ತದೆ, ಉಜ್ಜಿದಷ್ಟೂ ಕಾಯುತ್ತದೆ, ಕಾದಷ್ಟೂ ಬಿಗಿ ಕಳೆದುಕೊಳ್ಳುತ್ತದೆ. ನನ್ನ ಕೈಪಿಡಿಯ 11ನೆಯ ಪುಟದಲ್ಲಿ 'ಒತ್ತಡ' ಎರಡು ಬಾರಿ ಬಂದಿತ್ತು, ಒಂದು ಈ ಅರ್ಥದಲ್ಲಿ, ಇನ್ನೊಂದು ಬಿಗಿಯ ಅರ್ಥದಲ್ಲಿ. ಒಂದನ್ನು ಹೆಚ್ಚಿಸಿ ಎಂದಿತ್ತು, ಒಂದನ್ನು ಕಡಿಮೆ ಮಾಡಿ ಎಂದಿತ್ತು.

*

ಈ ಯಂತ್ರದ ಇತಿಹಾಸವೆಲ್ಲ ಒಂದು ಬೆಸುಗೆಯ ಇತಿಹಾಸ. ವಿಲಿಯಂ ನ್ಯೂಬೆರಿ ಎಂಬ ಇಂಗ್ಲಿಷಿನವನಿಗೆ 1808-09ರ ಸುಮಾರಿಗೇ ಇದರ ಪೇಟೆಂಟ್ ಸಿಕ್ಕಿತ್ತು. ಎರಡು ಚಕ್ರ, ತುದಿಯಿಲ್ಲದ ಪಟ್ಟಿ, ಮೇಜು, ಇವತ್ತಿನ ಯಂತ್ರದ ಮುಖ್ಯ ಅಂಗಗಳೆಲ್ಲ ಅವನ ಯೋಚನೆಯಲ್ಲಿದ್ದವು. ಆದರೆ ಕೆಲಸಕ್ಕೆ ಬರಲಿಲ್ಲ. ತುದಿಯಿಲ್ಲದ ಪಟ್ಟಿ ಎಂದರೆ ಎರಡು ತುದಿಯನ್ನು ತಂದು ಕೂಡಿಸಿದ ಪಟ್ಟಿ. ಆ ಕೂಡಿಸಿದ ಜಾಗ ಚಕ್ರದ ಮೇಲೆ ಬಾಗಿ ಬಾಗಿ ಬಿಡುತ್ತಿತ್ತು. ಬೆಸುಗೆ ಗಟ್ಟಿಯಿದ್ದರೆ ಅದರ ಪಕ್ಕದ ಉಕ್ಕೇ ಮುರಿಯುತ್ತಿತ್ತು.

ಎಷ್ಟು ಬಾಗುತ್ತದೆ ಎಂದು ಕಾಕಾನ ಯಂತ್ರದ ಮೇಲೆ ಲೆಕ್ಕ ಹಾಕಿ ನೋಡಿದೆ. ಪಟ್ಟಿಯ ಉದ್ದ ಸುಮಾರು 14 ಅಡಿ. ನಿಮಿಷಕ್ಕೆ 4000 ಅಡಿ ಓಡುತ್ತದೆ ಎಂದಿಟ್ಟುಕೊಳ್ಳಿ, ಇಂಥ ಯಂತ್ರಕ್ಕೆ ಅದು ಹೆಚ್ಚೇನಲ್ಲ. ಅಂದರೆ ನಿಮಿಷಕ್ಕೆ ಸುಮಾರು 285 ಸುತ್ತು. ಪ್ರತಿ ಸುತ್ತಿನಲ್ಲೂ ಪಟ್ಟಿಯ ಪ್ರತಿಯೊಂದು ಅಂಗುಲ ಮೇಲಿನ ಚಕ್ರದಲ್ಲೊಮ್ಮೆ ಕೆಳಗಿನದರಲ್ಲೊಮ್ಮೆ ಬಾಗಿ ಮತ್ತೆ ನೆಟ್ಟಗಾಗಬೇಕು. ಗಂಟೆಗೆ 34,000 ಸಲ. ಒಂದು ತಂತಿಯನ್ನು ಕೈಯಲ್ಲಿ ಹತ್ತು ಸಲ ಆಚೀಚೆ ಬಗ್ಗಿಸಿ ಮುರಿಯುವವರು ನಾವು. ಹಾಗಾಗಿಯೇ ಪಟ್ಟಿಯ ದಪ್ಪ ಚಕ್ರದ ಅಡ್ಡಳತೆಯ ಸಾವಿರದಲ್ಲೊಂದು ಪಾಲನ್ನು ಮೀರಬಾರದು ಎಂಬ ಹಳೆಯ ಲೆಕ್ಕ. 24 ಇಂಚಿನ ಚಕ್ರಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಚಿಕ್ಕ ಚಕ್ರಕ್ಕೆ ದಪ್ಪ ಪಟ್ಟಿ ಹಾಕಿದವರ ಪಟ್ಟಿ ಮೇಲಿಂದ ಮೇಲೆ ಹರಿಯುವುದು ಅವರ ಹಣೆಬರಹದಿಂದಲ್ಲ.

ನ್ಯೂಬೆರಿಯ ನಂತರ ಸುಮಾರು ನಲವತ್ತು ವರ್ಷ ಯಂತ್ರ ಕಾಗದದ ಮೇಲೆ ಉಳಿಯಿತು. 1846ರಲ್ಲಿ ಫ್ರಾನ್ಸಿನ ಹೆಂಗಸೊಬ್ಬಳು, ಆನ್ ಪೋಲಿನ್ ಕ್ರೆಪಿನ್, ಪಟ್ಟಿಯ ತುದಿಗಳನ್ನು ಬೆಸೆಯುವ ಒಂದು ಕ್ರಮಕ್ಕೆ ಪೇಟೆಂಟ್ ಕೇಳಿದಳು. ಅದನ್ನು ಬಳಸುವ ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿಗೆ ಮಾರಿದಳು. ಪೆರಿನ್ ಅದಕ್ಕೆ ಒಳ್ಳೆಯ ಉಕ್ಕನ್ನೂ ಹದ ಹಾಕುವ ಹೊಸ ವಿಧಾನವನ್ನೂ ಸೇರಿಸಿದ. ಅಲ್ಲಿಂದ ಮುಂದೆ ಬ್ಯಾಂಡ್ ಸಾ ಓಡತೊಡಗಿತು. ಯಂತ್ರದ ಚರಿತ್ರೆ ಬರೆಯುವವರು ಪೆರಿನ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಕ್ರೆಪಿನ್ನಳಿಗೆ ಒಂದು ಸಾಲು. ಆ ಒಂದು ಸಾಲಿಲ್ಲದೆ ಮುಂದಿನ ಪುಟಗಳಿಲ್ಲ.

ಕಾಕಾ ಪಟ್ಟಿಯನ್ನು ಈಗಲೂ ಕೈಯಲ್ಲೇ ಬೆಸೆಯುತ್ತಾರೆ. ಪೇಟೆಯಲ್ಲಿ ಕರೆಂಟಿನಿಂದ ಕೂಡಿಸಿಕೊಡುವ ಅಂಗಡಿಗಳಿವೆ, ಅವರಿಗೆ ಅದು ಒಗ್ಗುವುದಿಲ್ಲ. ಎರಡು ತುದಿಯನ್ನೂ ಅರದಿಂದ ಓರೆಯಾಗಿ ಉಜ್ಜಿ ತೆಳ್ಳಗೆ ಮಾಡಿ, ಒಂದರ ಮೇಲೊಂದು ಕೂರಿಸಿ, ನಡುವೆ ಬೆಳ್ಳಿ ಬೆರೆತ ಬೆಸುಗೆಯ ಚೂರು ಇಟ್ಟು, ಮೇಲೆ ಬಿಳಿಗಾರದ ಪುಡಿ ಉದುರಿಸಿ, ಗ್ಯಾಸಿನ ಉರಿ ಹಿಡಿಯುತ್ತಾರೆ. ಬಿಳಿಗಾರ ಉಬ್ಬಿ, ಕರಗಿ, ಗಾಜಿನಂತಾಗಿ ಹರಡುತ್ತದೆ, ಅದರ ಹಿಂದೆಯೇ ಬೆಳ್ಳಿ ಓಡುತ್ತದೆ. ಉರಿ ತೆಗೆದ ಮೇಲೆ ಇನ್ನೊಮ್ಮೆ ತುಸು ಕಾಯಿಸಿ ತಾನಾಗಿ ಆರಲು ಬಿಡಬೇಕು. ಅವಸರಕ್ಕೆ ನೀರು ಹಾಕಿದರೆ ಉಕ್ಕು ಗಾಜಿನಂತೆ ಪೆಡಸಾಗಿ ಮೊದಲ ದಿನವೇ ಮುರಿಯುತ್ತದೆ. ಆಮೇಲೆ ಬೆಸುಗೆಯ ಜಾಗವನ್ನು ಪಟ್ಟಿಯಷ್ಟೇ ದಪ್ಪಕ್ಕೆ ಉಜ್ಜುವುದು. ಉಗುರಿನಿಂದ ಸವರಿ ನೋಡಿದರೆ ಎಲ್ಲಿ ಕೂಡಿಸಿದೆ ಎಂದು ತಿಳಿಯಬಾರದು. ತಿಳಿದರೆ ಅದು ಪ್ರತಿ ಸುತ್ತಿಗೊಮ್ಮೆ ಗೈಡಿಗೆ ಬಡಿಯುತ್ತದೆ.

'ಆವಾಜ್ ಕೇಳು' ಎಂದರು. ಯಂತ್ರ ಓಡುವಾಗ ಒಂದೇ ಸಮನೆ ಬರುವ ಟಿಕ್ ಟಿಕ್ ಇದ್ದರೆ ಒಂದೋ ಬೆಸುಗೆ ಉಬ್ಬಿದೆ, ಇಲ್ಲವೇ ಎಲ್ಲೋ ಬಿರುಕು ಬಿಟ್ಟಿದೆ. ಎರಡನೆಯದಾಗಿದ್ದರೆ ಹರಿಯುವ ಮುನ್ನ ಸಿಗುವ ನೋಟೀಸು ಅದೊಂದೇ. ಆಗ ಮರ ಬಿಟ್ಟು, ಯಂತ್ರದ ಎದುರಿನಿಂದ ಸರಿದು, ಸ್ವಿಚ್ ಆರಿಸಬೇಕು. ಧಪ್ ಧಪ್ ಎಂದು ದಪ್ಪಗೆ ಬಡಿದರೆ ಅದು ಪಟ್ಟಿಯಲ್ಲ, ಚಕ್ರದ ರಬ್ಬರು. ರಾತ್ರಿ ಬಿಗಿ ಇಳಿಸದೆ ಹೋದರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ, ಮರದ ಹೊಟ್ಟು ಅಂಟಿಕೊಂಡರೆ ಗಂಟಾಗುತ್ತದೆ.

ಹರಿದ ಪಟ್ಟಿಯನ್ನು ಅವರು ಎಸೆಯುವ ಮೊದಲು ಹಿಡಿದು ನೋಡುತ್ತಾರೆ, ವೈದ್ಯರು ಎಕ್ಸ್‌ರೇ ನೋಡುವ ಹಾಗೆ. ಬಿರುಕು ಬೆನ್ನಿನ ಕಡೆಯಿಂದ ಶುರುವಾಗಿದ್ದರೆ ಹಿಂದಿನ ಬೇರಿಂಗು ತಿರುಗದೆ ನಿಂತುಹೋಗಿದೆ, ಪಟ್ಟಿಯ ಬೆನ್ನು ಅದಕ್ಕೆ ಉಜ್ಜಿ ಗಡುಸಾಗಿದೆ. ಎರಡು ಹಲ್ಲಿನ ನಡುವಿನ ತಗ್ಗಿನಿಂದ ಶುರುವಾಗಿದ್ದರೆ ಸಾಣೆ ಹಿಡಿದವನ ತಪ್ಪು: ಆ ತಗ್ಗು ಬಟ್ಟಲಿನಂತೆ ದುಂಡಗಿರಬೇಕು, ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬೆಸುಗೆಯಲ್ಲೇ ಬಿಟ್ಟಿದ್ದರೆ? 'ಅದು ನಂದು' ಎಂದರು.

ಮರ ಸೀಳುವಾಗ ಪಟ್ಟಿ ಗೆರೆ ಬಿಟ್ಟು ಒಂದೇ ಕಡೆಗೆ ಎಳೆಯುತ್ತದೆ ಎಂಬ ದೂರಿಗೆ ನನ್ನ ಕೈಪಿಡಿಯಲ್ಲಿ ಏಳು ಕಾರಣಗಳ ಕೋಷ್ಟಕವಿತ್ತು. ಕಾಕಾ ಕೇಳುವುದು ಒಂದೇ ಪ್ರಶ್ನೆ: ಯಾವ ಕಡೆಗೆ? ಯಾವಾಗಲೂ ಒಂದೇ ಕಡೆಗಾದರೆ ಹಲ್ಲಿನಲ್ಲಿ ದೋಷ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಸಮನಾಗಿ ಹೊರಚಾಚಿರಬೇಕು, ಆಗಲೇ ಸೀಳು ಪಟ್ಟಿಗಿಂತ ಅಗಲವಾಗಿ ಪಟ್ಟಿ ಸಿಕ್ಕಿಕೊಳ್ಳದೆ ಓಡುವುದು. ಎಡಗಡೆಯ ಹಲ್ಲು ಒಂದು ಮೊಳೆಗೆ ತಾಗಿ ಮೊಂಡಾದರೆ ಪಟ್ಟಿ ಚೂಪಾದ ಬಲಕ್ಕೆ ಹೋಗುತ್ತದೆ. ಸೀಳು ಮೇಲೂ ಕೆಳಗೂ ಗೆರೆಯ ಮೇಲಿದ್ದು ನಡುವೆ ಹೊಟ್ಟೆ ಬಿಟ್ಟಿದ್ದರೆ ಬಿಗಿ ಸಾಲದು, ಇಲ್ಲವೇ ಹಲ್ಲು ಮೊಂಡು. ಗೈಡುಗಳನ್ನು ಪಟ್ಟಿಗೆ ಎಷ್ಟು ಹತ್ತಿರ ತರಬೇಕು ಎಂದು ಕೇಳಿದೆ. ಹಳೆಯ ಬಿಲ್ಲಿನ ಒಂದು ಚೂರು ಹರಿದು ನಡುವೆ ತೂರಿಸಿ ತೋರಿಸಿದರು. ಕಾಗದ ಹೋಗಬೇಕು, ಕಾಗದದ ಮಡಿಕೆ ಹೋಗಬಾರದು. ಬೆನ್ನಿನ ಬೇರಿಂಗು ಖಾಲಿ ಓಡುವಾಗ ತಿರುಗಬಾರದು, ಮರ ತಾಗಿದ ಕೂಡಲೇ ತಿರುಗಬೇಕು. ಈ ಎರಡು ವಾಕ್ಯ ಕೈಪಿಡಿಯಲ್ಲಿ ಒಂದೂವರೆ ಪುಟ.

*

ಈಗ ನನ್ನ ಕಸುಬಿನ ಮಾತು. ಗರಗಸ ಎಂಬುದು ಸಂಸ್ಕೃತದ ಕ್ರಕಚ ನಮ್ಮ ಬಾಯಲ್ಲಿ ಸವೆದು ಆದ ರೂಪ. ಸಂಸ್ಕೃತಕ್ಕೆ ಅದು ಕೊಯ್ಯುವ ಸದ್ದಿನಿಂದಲೇ ಬಂದಿರಬಹುದು ಎಂದು ಕೇಳಿದವರಿಗೆಲ್ಲ ಅನಿಸುತ್ತದೆ, ನನಗೂ. ಮರಾಠಿಯವರ ಕರವತ್ ಬೇರೆ ಮನೆಯದು, ಕರಪತ್ರ ಎಂಬುದರಿಂದ ಇಳಿದದ್ದು. ಇವತ್ತು ನಮಗೆ ಕರಪತ್ರ ಎಂದರೆ ಹಂಚುವ ಕಾಗದ. ತೆಲುಗಿನವರದು ರಂಪಂ. ಸುಲ್ತಾನ್ ಬಜಾರಿನ ಆ ಗಲ್ಲಿಯಲ್ಲಿ ಅರ್ಧ ಗಂಟೆ ನಿಂತರೆ ಈ ಮೂರೂ ಕಿವಿಗೆ ಬೀಳುತ್ತವೆ. ನಾಲ್ಕನೆಯದು ಎಲ್ಲರದು: ಆರಾ. ಯಂತ್ರಕ್ಕೆ ಆರಾ ಮಷಿನ್. ಪಾರಸಿಯಲ್ಲಿ ಗರಗಸಕ್ಕೆ ಅರ್ರ, ಅದನ್ನು ಎಳೆಯುವವನು ಅರ್ರಕಶ್. ಉರ್ದುವಿನಲ್ಲಿ ಆರಾಕಶ್. ಗುಂಡಿ ತೋಡಿ, ದಿಮ್ಮಿಯನ್ನು ಅಡ್ಡ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದ ಜನ ಅವರು. ಮೇಲಿನವನಿಗೆ ಬೆನ್ನುನೋವು, ಕೆಳಗಿನವನ ಕಣ್ಣಿಗೆ ಹೊಟ್ಟು. ಬ್ಯಾಂಡ್ ಸಾ ಬಂದು ಅವರ ಕಸುಬು ಹೋಯಿತು, ಹೆಸರು ಮಾತ್ರ ನಿಘಂಟಿನಲ್ಲಿ ಉಳಿದಿದೆ.

ಇಲ್ಲೊಂದು ಹಳ್ಳವಿದೆ, ಅದರಲ್ಲಿ ನಾನೇ ಬಿದ್ದೆ. ಕನ್ನಡದಲ್ಲಿ ಅರ ಎಂಬ ಮಾತಿದೆ. ತಮಿಳಿನ ಅರಂ ಅದರ ದಾಯಾದಿ, ಅಚ್ಚ ದ್ರಾವಿಡ. ಅದಕ್ಕೆ ಅರ್ಥ ಗರಗಸವಲ್ಲ, ಗರಗಸವನ್ನು ಚೂಪು ಮಾಡುವ ಸಾಧನ. 'ಆರಾ ತಗೊಂಡು ಬಾ' ಎಂದರೆ ಗರಗಸ, 'ಅರ ತಗೊಂಡು ಬಾ' ಎಂದರೆ ಅದರ ಸಾಣೆ. ಒಂದು ದೀರ್ಘದ ವ್ಯತ್ಯಾಸ. ಎರಡೂ ಒಂದೇ ಬೇರಿನವು ಎಂದುಕೊಂಡು ನಾನು ಅಲ್ಲೇ ಒಂದು ಸಿದ್ಧಾಂತ ಕಟ್ಟಲು ಹೊರಟಿದ್ದೆ. ಮನೆಗೆ ಬಂದು ನಿಘಂಟು ತೆರೆದ ಮೇಲೆ ಕೈಬಿಟ್ಟೆ. ಎರಡು ಭಾಷಾ ಕುಟುಂಬಗಳ ಎರಡು ಮಾತುಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಬಂದು ಮಲಗಿವೆ, ಅಷ್ಟೇ.

ಈ ಊರಿನಲ್ಲಿ ಕುಳಿತು ಪದ ಹುಡುಕುವವಳಿಗೆ ಒಂದು ನೆನಪು ಬಾರದೆ ಇರದು. 1917ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆಯುವುದಕ್ಕೆ ಒಂದು ವರ್ಷ ಮೊದಲು, ನಿಜಾಮ್ ಸರಕಾರ ಹೈದರಾಬಾದಿನಲ್ಲಿ ಒಂದು ಅನುವಾದ ಇಲಾಖೆ ಶುರುಮಾಡಿತು: ದಾರುಲ್ ತರ್ಜುಮಾ. ಮೌಲ್ವಿ ಅಬ್ದುಲ್ ಹಕ್ ಅದರ ಮುಖ್ಯಸ್ಥರು. ವಿಜ್ಞಾನ, ಗಣಿತ, ಕಾನೂನು, ಚರಿತ್ರೆ, ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುವುದಾದರೆ ಪುಸ್ತಕ ಬೇಕು, ಪುಸ್ತಕಕ್ಕೆ ಪದ ಬೇಕು. ವಿಷಯ ಬಲ್ಲವರನ್ನೂ ಭಾಷೆ ಬಲ್ಲವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದೊಂದು ಪದಕ್ಕೂ ಜಗಳವಾಡಿಸಿದರು. ಅರಬಿಯಿಂದ ಕಟ್ಟಬೇಕೆನ್ನುವವರು ಒಂದು ಕಡೆ, ಜನರ ಹಿಂದೂಸ್ತಾನಿಯಿಂದ ಕಟ್ಟಬೇಕೆನ್ನುವವರು ಇನ್ನೊಂದು ಕಡೆ. ಸರಿಸುಮಾರು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ನಡೆಸುತ್ತಿದ್ದರು. 1918ರಲ್ಲಿ ಹುಟ್ಟಿ ಎರಡು ವರ್ಷ ಬಾಳಿತು. ಅವರ ಹಿಂದೆ ಸರಕಾರದ ಇಲಾಖೆಯಿರಲಿಲ್ಲ. ಇಲ್ಲಿಯ ಇಲಾಖೆಯೂ ಕೊನೆಗೆ ಉಳಿಯಲಿಲ್ಲ: 1948ರ ನಂತರ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ಹೊರಳಿತು, ನೂರಾರು ಪುಸ್ತಕಗಳು ಕಪಾಟು ಸೇರಿದವು. ನಿಜಾಮ್ ರಾಜ್ಯದ ಕನ್ನಡ ಜಿಲ್ಲೆಗಳ ಹುಡುಗರು ರೇಖಾಗಣಿತವನ್ನು ಉರ್ದುವಿನಲ್ಲಿ ಕಲಿತು, ಮನೆಗೆ ಬಂದು ಕನ್ನಡದಲ್ಲಿ ಊಟ ಕೇಳುತ್ತಿದ್ದ ಕಾಲವದು. ಕಾಕಾನ ತಂದೆ ಅವರಲ್ಲೊಬ್ಬರು, ನಾಲ್ಕನೇ ಈಯತ್ತಿನವರೆಗೆ.

ಆ ಕೋಣೆಗಳಲ್ಲಿ ಎಂದಾದರೂ ಒಬ್ಬ ಆರಾಕಶನನ್ನು ಕೂರಿಸಿಕೊಂಡು ಕೇಳಿದ್ದರೇ ಎಂದು ನನಗೆ ಆಗಾಗ ಅನಿಸುತ್ತದೆ. ಹಾಗೆಂದು ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಅವರಿಗೆ ಕೋಣೆಯಾದರೂ ಇತ್ತು. ನನ್ನ ಪದಪಟ್ಟಿ ಮಾಡಿದವರು ಯಾರೋ, ಎಲ್ಲಿರುವರೋ. ನನಗೆ ಕಾಣುವುದು ಒಂದು ಸಾಲು, ಅದರ ಪಕ್ಕದಲ್ಲಿ ಬೀಗದ ಒಂದು ಗುರುತು.

*

ಕಾಕಾ ಈಗ ಕೊಯ್ಯುವುದು ಹಳೆಯ ಮರವನ್ನು ಮಾತ್ರ. ದಿಮ್ಮಿ ಸೀಳುವ ದೊಡ್ಡ ಸಾಮಿಲ್ಲುಗಳು ಊರಿನಿಂದ ಆಚೆಗಿವೆ, ಅವುಗಳ ಸಂಖ್ಯೆಯೂ ಬೇಕಾದಂತೆ ಬೆಳೆಯುವಂತಿಲ್ಲ. ನೀಲಂಬೂರಿನ ಗೋದಾವರ್ಮನ್ ತಿರುಮುಲ್ಪಾಡ್ ಅವರು ಗೂಡಲೂರಿನ ಕಾಡು ಉಳಿಸಿ ಎಂದು ಹಾಕಿದ ಅರ್ಜಿಯ ಮೇಲೆ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶ ದೇಶದ ಎಲ್ಲ ಕಾಡಿಗೂ ಎಲ್ಲ ಸಾಮಿಲ್ಲಿಗೂ ತಾಗಿತು. 2002ರ ಇನ್ನೊಂದು ಆದೇಶದ ನಂತರ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನು ಕೇಳದೆ ಯಾವ ರಾಜ್ಯವೂ ಹೊಸ ಸಾಮಿಲ್ಲಿಗೆ ಅನುಮತಿ ಕೊಡುವಂತಿರಲಿಲ್ಲ. ಮೈಸೂರಿನಿಂದ ಕಲಬುರಗಿವರೆಗೆ ಸಾಮಿಲ್ಲು ನಡೆಸುವ ಕಚ್ಛದ ಪಟೇಲರನ್ನು ನೀವೂ ನೋಡಿರುತ್ತೀರಿ, ಅವರಲ್ಲಿ ಯಾರನ್ನು ಮಾತಾಡಿಸಿದರೂ ಲೈಸನ್ಸಿನ ಕಥೆ ಬರುತ್ತದೆ.

ಹಳೆಯ ಮರವೆಂದರೆ ಕೆಡವಿದ ಮನೆಗಳ ತೊಲೆ, ಬಾಗಿಲುವಾಡ, ಕಿಟಕಿ. ಜೆಬಿಎಸ್‌ನಿಂದ ಎಂಜಿಬಿಎಸ್‌ಗೆ ಹೋಗುವ ಮೆಟ್ರೊ ಸುಲ್ತಾನ್ ಬಜಾರಿನ ನೆತ್ತಿಯ ಮೇಲೆ ಹಾಯುತ್ತದೆ ಎಂದಾಗ ವರ್ತಕರು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ 2020ರ ಫೆಬ್ರುವರಿ 7ರಂದು ರೈಲು ಓಡಿತು. ದಾರಿಗಾಗಿ ಅಂಗಡಿಗಳ ಮುಂಭಾಗಗಳು ಹೋದವು. ಅಂಥ ಕಡೆಗಳಿಂದ ಬಂದ ತೇಗ ಇದು ಎಂದು ಕಾಕಾ ಒಂದು ತೊಲೆಯನ್ನು ತೋರಿಸಿದರು. ತೇಗದಲ್ಲಿ ಹುಟ್ಟಿನಿಂದಲೇ ಮರಳಿನ ಅಂಶ ಇರುತ್ತದೆ, ಹಲ್ಲನ್ನು ತಿನ್ನುತ್ತದೆ. ಹಳೆಯ ತೇಗದಲ್ಲಿ ಅದರ ಮೇಲೆ ಮೊಳೆ. ಗೋಡೆಗೆ ಹೊಡೆದ ಮೊಳೆ, ತೋರಣ ಕಟ್ಟಿದ ಮೊಳೆ, ಬೋರ್ಡು ತೂಗಿದ ಮೊಳೆ, ಎಲ್ಲದರ ಮೇಲೂ ಹತ್ತು ಪದರ ಬಣ್ಣ. ಕಾಕಾ ಒಂದು ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಉದ್ದಕ್ಕೂ ಸಾಗಿಸುತ್ತಾರೆ. ಅದು ಓಲಾಡಿದಲ್ಲಿ ಸೀಮೆಸುಣ್ಣದ ಗುರುತು. ಹಿತ್ತಾಳೆ ಮೊಳೆಗೆ ಅದು ಓಲಾಡುವುದಿಲ್ಲ, ಅದಕ್ಕೆ ಅಂಗೈ ಸವರಬೇಕು.

ಅಂಗೈ ಸವರುವಾಗಲೇ ನಾನು ನೋಡಿದ್ದು, ಎಡಗೈಯ ಉಂಗುರದ ಬೆ�ರಳು ಒಂದೇ ಗೆಣ್ಣಿನಷ್ಟಿದೆ.

1986ರಲ್ಲಿ ಊರಾಚೆಯ ಒಂದು ಸಾಮಿಲ್ಲಿನಲ್ಲಿ ಆದದ್ದು. ಮರ ಕೊಯ್ಯುವಾಗ ಅಲ್ಲ. ಸಂಜೆ ಕೆಲಸ ಮುಗಿದಿತ್ತು. ಮೇಸ್ತ್ರಿ 'ಮಷಿನ್ ಬಂದ್ ಆತು, ಹೊಟ್ಟು ತೆಗಿ' ಎಂದ. ಸ್ವಿಚ್ ಬಂದ್ ಆಗಿತ್ತು. ಚಕ್ರ ಬಂದ್ ಆಗಿರಲಿಲ್ಲ. ದೊಡ್ಡ ಚಕ್ರಗಳು ಭಾರವಾಗಿರುತ್ತವೆ, ಕರೆಂಟು ಹೋದ ಮೇಲೂ ನಿಮಿಷಗಟ್ಟಲೆ ತಿರುಗುತ್ತವೆ, ಮೋಟರಿನ ಸದ್ದಿರುವುದಿಲ್ಲ. ವೇಗವಾಗಿ ಓಡುವ ಪಟ್ಟಿಯ ಹಲ್ಲು ಕಣ್ಣಿಗೆ ಕಾಣುವುದಿಲ್ಲ, ನಯವಾದ ಅಂಚಿನಂತೆ ತೋರುತ್ತದೆ. ಕತ್ತಲಾಗಿತ್ತು. 'ನಿಂತದ ಅನ್ಕೊಂಡೆನವ್ವಾ' ಎಂದರು.

ಮಾಲೀಕ ಆಸ್ಪತ್ರೆಯ ಖರ್ಚನ್ನೂ ಒಂದು ತಿಂಗಳ ಪಗಾರವನ್ನೂ ಕೊಟ್ಟು ಮುಗಿಸಿದ. 1923ರ ಪರಿಹಾರ ಕಾಯ್ದೆಯಲ್ಲಿ ಬೆರಳುಗಳಿಗೆಲ್ಲ ಒಂದು ಪಟ್ಟಿಯಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ನೂರಕ್ಕೆ 30 ಪಾಲು ಹೋಯಿತೆಂದು ಲೆಕ್ಕ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12. ಉಂಗುರದ ಬೆರಳು ಅಥವಾ ಕಿರುಬೆರಳು ಪೂರ್ತಿ ಹೋದರೆ 7, ಎರಡು ಗೆಣ್ಣು ಹೋದರೆ 6. ಎಲುಬು ಹೋಗದೆ ತುದಿ ಮಾತ್ರ ಹೋದರೆ 2. ಮೊದಲ ಸಲ ಓದಿದಾಗ ಇದನ್ನು ಬರೆದವರ ಕೈ ನಡುಗಿರಲಿಲ್ಲವೇ ಎನಿಸಿತ್ತು. ಆಮೇಲೆ ಯೋಚಿಸಿದರೆ, ಇಂಥ ಲೆಕ್ಕ ಇದ್ದದ್ದೇ ವಾಸಿ, ಗೊತ್ತಿಲ್ಲದಿದ್ದದ್ದೇ ಅನ್ಯಾಯ. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಎಚ್ಚರಿಕೆಯ ಫಲಕಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ಬರೆದಿತ್ತು. ಆ ಕಾಯ್ದೆಗೆ ಕಾರ್ಖಾನೆ ಎನಿಸಿಕೊಳ್ಳಲು ಕನಿಷ್ಠ ಹತ್ತು ಜನ ಬೇಕಿತ್ತು. ಕಾಕಾನ ಸಾಮಿಲ್ಲಿನಲ್ಲಿದ್ದವರು ಆರು ಜನ.

ಆ ರಾತ್ರಿ ಮನೆಗೆ ಬಂದು ಕೈಪಿಡಿಯ 23ನೆಯ ಪುಟ ತೆರೆದೆ. ಮೂಲದಲ್ಲಿ ಎರಡು ಮಾತಿತ್ತು: ಕರೆಂಟು ಆರಿಸಿ, ಓಟ ಪೂರ್ತಿ ಇಳಿದ ಮೇಲೆ ಒಳಗೆ ಕೈ ಹಾಕಿ. ನಾನು ಎರಡನ್ನೂ ಒಂದು ಮಾಡಿದ್ದೆ: 'ಯಂತ್ರ ಬಂದ್ ಆದ ನಂತರ ಸ್ವಚ್ಛಗೊಳಿಸಿ.' ಚಿಕ್ಕ ವಾಕ್ಯ, ಓದಲು ಸಲೀಸು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ನೆನಪಿದೆ. ಆ ಮೇಸ್ತ್ರಿ ಹೇಳಿದ್ದೂ ಅದೇ ವಾಕ್ಯ. ಬಂದ್ ಎಂಬ ಪಾರಸಿ ಮಾತು ನಮ್ಮಲ್ಲಿ ಬಾಗಿಲಿಗೂ ಆಗುತ್ತದೆ, ಅಂಗಡಿಗೂ ಆಗುತ್ತದೆ, ಸ್ವಿಚ್ಚಿಗೂ ಆಗುತ್ತದೆ, ನಿಂತ ಚಕ್ರಕ್ಕೂ ಆಗುತ್ತದೆ. ಎಲ್ಲದಕ್ಕೂ ಆಗುವುದರಿಂದ ಇಲ್ಲಿಗೆ ಆಗದು.

ತಿದ್ದಿದೆ: 'ಸ್ವಿಚ್ ಆರಿಸಿ. ಸ್ವಿಚ್ ಆರಿಸಿದ ಮೇಲೂ ಚಕ್ರಗಳು ಸದ್ದಿಲ್ಲದೆ ತಿರುಗುತ್ತಿರುತ್ತವೆ. ಮೇಲಿನ ಚಕ್ರ ನಿಂತದ್ದನ್ನು ಕಣ್ಣಾರೆ ನೋಡಿ. ಆಮೇಲೆ ಪ್ಲಗ್ ಕಿತ್ತು, ಬ್ರಷ್ಷಿನಿಂದ ಹೊಟ್ಟು ತೆಗೆಯಿರಿ.' ಒತ್ತಡದ ಬಗ್ಗೆಯೂ ಎರಡು ಪುಟದ ಟಿಪ್ಪಣಿ ಬರೆದು ಏಜೆನ್ಸಿಗೆ ಕಳಿಸಿದೆ. ಬಿಗಿ ಎಂದಾಗಲಿ ಎಳೆತ ಎಂದಾಗಲಿ ಹಾಕಿ, ಎರಡೂ ಬೇಡವಾದರೆ ಟೆನ್ಷನ್ ಎಂದೇ ಕನ್ನಡ ಲಿಪಿಯಲ್ಲಿ ಬಿಡಿ, ಒತ್ತಡ ಮಾತ್ರ ಬೇಡ ಎಂದು. ನಾಲ್ಕು ದಿನಕ್ಕೆ ಉತ್ತರ ಬಂತು. 23ನೆಯ ಪುಟದ ತಿದ್ದುಪಡಿಗೆ ಒಪ್ಪಿಗೆ, ಆದರೆ ಮೂಲಕ್ಕಿಂತ ಹೆಚ್ಚಾದ ಪದಗಳಿಗೆ ಹಣವಿಲ್ಲ. ಒತ್ತಡ ಪದಪಟ್ಟಿಯಲ್ಲಿರುವುದರಿಂದ ಬದಲಿಸಲಾಗದು, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ. ಕೊನೆಗೆ 11ನೆಯ ಪುಟದಲ್ಲಿ ನಾನು ಮಾಡಿದ್ದು ಇಷ್ಟು: 'ಒತ್ತಡ' ಬಂದ ಮೊದಲ ಕಡೆ, 'ಅಂದರೆ ಪಟ್ಟಿಯ ಬಿಗಿ' ಎಂದು ಸೇರಿಸಿದೆ. ಮರವನ್ನು ಒತ್ತುವ ಕಡೆಗಳಲ್ಲೆಲ್ಲ 'ತಳ್ಳುವುದು' ಎಂದು ಬದಲಿಸಿದೆ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಅಚ್ಚಾದ ಪ್ರತಿಯೊಂದನ್ನು ಕಾಕಾನಿಗೆ ಕೊಡಲು ದೀಪಾವಳಿಗೆ ಮುಂಚೆ ಹೋಗಿದ್ದೆ. ಚಿತ್ರಗಳನ್ನು ತಿರುವಿ ನೋಡಿ, ಇದು ನಮ್ಮ ಮಷಿನ್ನಿಗಿಂತ ಸಣ್ಣದು ಎಂದರು. ಈಗ ಅವರ ಜೊತೆ ಕೆಲಸ ಮಾಡುವ ಹುಡುಗ ಬಿಹಾರದವನು, ಅವನಿಗೆ ಹಿಂದಿ ಮಾತ್ರ ಬರುತ್ತದೆ. 23ನೆಯ ಪುಟವನ್ನು ಅವನಿಗೆ ಓದಿ ಹೇಳು ಎಂದು ನನಗೇ ಹೇಳಿದರು. ಹೇಳಿದೆ, 'ಬಂದ್' ಬಾರದ ಹಾಗೆ ಹಿಂದಿಯಲ್ಲಿ ಹೇಳುವುದು ಕನ್ನಡಕ್ಕಿಂತ ಕಷ್ಟವಾಯಿತು. ಅಷ್ಟರಲ್ಲಿ ಕಾಕಾ ಯಂತ್ರದ ಕಡೆ ಹೋಗಿ, ಮೇಲಿನ ಚಕ್ರ ನಿಲ್ಲುವತನಕ ನಿಂತು ನೋಡಿ, ತಿರುಪನ್ನು ನಾಲ್ಕು ಸುತ್ತು ಬಿಟ್ಟರು. ಬೆಳಿಗ್ಗೆ ಮೊದಲು ಬಂದವನು ಮರೆತು ಚಾಲೂ ಮಾಡದಿರಲೆಂದು ಚಕ್ರದ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಒಂದೇ ಪದ ಬರೆದು ಶೆಡ್ಡಿನ ಬೀಗ ಹಾಕಿದರು: ಢೀಲಾ.